ಬಾಡಿಗೆ ಗೋಡೆಯ ಮೇಲೆ ಅಜ್ಜಿಯ ಕೌದಿ

ನಮ್ಮ ಕಡೆಯ ಬಾಡಿಗೆ ಫ್ಲ್ಯಾಟುಗಳಿಗೆ ಹೆಚ್ಚುಕಡಿಮೆ ಒಂದೇ ಮುಖ. ಕೆನೆಬಣ್ಣದ ಡಿಸ್ಟೆಂಪರ್, ಎರಡಡಿಯ ವಿಟ್ರಿಫೈಡ್ ಟೈಲ್ಸು, ಹಾಲಿನ ಒಂದು ಮೂಲೆಗೆ ಸಿಮೆಂಟಿನ ಶೋಕೇಸು, ಅದರಲ್ಲಿ ಕಡಪ ಕಲ್ಲಿನ ಹಲಗೆಗಳು, ಗೋಡೆಯ ಮೇಲೊಂದು ಬೆಳ್ಳನೆಯ ಟ್ಯೂಬ್‌ಲೈಟು. ಬಳ್ಳಾರಿಯ ಗಾಂಧಿನಗರದಲ್ಲಿ ನೋಡಿದರೂ ಇದೇ, ರಾಯಚೂರಿನಲ್ಲಿ ನೋಡಿದರೂ ಇದೇ. ಸಾಮಾನು ಇಳಿಸಿದ ವಾರದಲ್ಲೇ ಜನ ವಾಲ್‌ಸ್ಟಿಕ್ಕರ್, ಪ್ಲಾಸ್ಟಿಕ್ ಬಳ್ಳಿ, ಅಂಟಿಸುವ ವಾಲ್‌ಪೇಪರ್ ತರಿಸುತ್ತಾರೆ. ಏಪ್ರಿಲ್ ಬರುವ ಹೊತ್ತಿಗೆ ಅವು ಮೂಲೆಯಿಂದ ಸುರುಳಿ ಬಿಚ್ಚಿಕೊಳ್ಳುತ್ತವೆ, ಮನೆ ಬಿಡುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತವೆ.

ಬಾಡಿಗೆ ಮನೆಯಲ್ಲಿ ಗೋಡೆಗೆ ಎಲ್ಲಕ್ಕಿಂತ ಕೊನೆಗೆ ಕೈಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಬಟ್ಟೆ, ಆಮೇಲೆ ಬೆಳಕು, ಆಮೇಲೆ ಕೂರುವ ಜಾಗ. ಈ ಮೂರೂ ಮನೆ ಬದಲಿಸುವಾಗ ನಮ್ಮ ಜೊತೆ ಬರುತ್ತವೆ. ಅದರಲ್ಲೂ ಬಟ್ಟೆಯ ವಿಷಯದಲ್ಲಿ ನಾವು ಪುಣ್ಯವಂತರು. ಸಂಡೂರಿನ ಲಂಬಾಣಿ ಕಸೂತಿ ನಮ್ಮ ಜಿಲ್ಲೆಯದೇ. ಇಳಕಲ್ಲು, ಗುಳೇದಗುಡ್ಡ ಒಂದು ಬಸ್ಸಿನ ದಾರಿ. ಬಳ್ಳಾರಿಯಲ್ಲಂತೂ ಜೀನ್ಸ್ ಹೊಲಿಯುವ ಘಟಕಗಳು ಓಣಿ ಓಣಿಯಲ್ಲಿವೆ. ಇಷ್ಟಿದ್ದೂ ಎಲ್ಲಿಯದೋ ಮಿಲ್ಲಿನಲ್ಲಿ ಅಚ್ಚಾದ ಪಾಲಿಯೆಸ್ಟರ್ ಕರ್ಟನ್ನನ್ನೇ ಯಾಕೆ ತೂಗುಹಾಕಬೇಕು?

ಕೌದಿಯಿಂದ ಶುರು ಮಾಡೋಣ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೆ ಓಡುಹೊಲಿಗೆ ಹಾಕಿದ ಈ ಹೊದಿಕೆ ಇಲ್ಲಿ ಬಹುತೇಕ ಮನೆಗಳ ಟ್ರಂಕಿನಲ್ಲಿರುತ್ತದೆ. ಕಾಟ್ ಮೇಲೆ ಹಾಸಲು ನಾಚಿಕೊಂಡು ಒಳಗಿಟ್ಟಿರುತ್ತಾರೆ. ಅದನ್ನು ಹಾಲಿನ ದೊಡ್ಡ ಗೋಡೆಗೆ ತೂಗುಹಾಕಿ ನೋಡಿ. ಖಾಲಿ ಆರ್‌ಸಿಸಿ ಕೋಣೆಯಲ್ಲಿ ಮಾತಾಡಿದರೆ ಮೊಳಗುವ ಸದ್ದು ಕೂಡ ತಗ್ಗುತ್ತದೆ, ಯಾಕೆಂದರೆ ದಪ್ಪ ಹತ್ತಿ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ.

ತೂಗುಹಾಕುವ ಬಗೆ ಮುಖ್ಯ. ಕೌದಿಯ ಮೂಲೆಗಳಿಗೆ ಮೊಳೆ ಹೊಡೆದರೆ ಕೆಲವೇ ತಿಂಗಳಲ್ಲಿ ಅದರ ಭಾರಕ್ಕೇ ಹಳೆಯ ಬಟ್ಟೆ ಹರಿಯುತ್ತದೆ, ನಡುಭಾಗ ಜೋತು ಬೀಳುತ್ತದೆ. ಹಿಂಬದಿಯ ಮೇಲಂಚಿಗೆ 10 ಸೆಂಟಿಮೀಟರ್ ಅಗಲದ ಗಟ್ಟಿ ಕಾಟನ್ ಪಟ್ಟಿಯನ್ನು ಕೊಳವೆಯಂತೆ ಹೊಲಿಯಿರಿ. ಪಟ್ಟಿಯ ಮೇಲ್ಬದಿಗೊಂದು, ಕೆಳಬದಿಗೊಂದು ಹೊಲಿಗೆ ಬೇಕು, ಹೊಲಿಗೆ ಕೌದಿಯ ಎಲ್ಲ ಪದರಗಳನ್ನೂ ಹಿಡಿಯಬೇಕು, ಬರೀ ಹಿಂದಿನ ಪದರವನ್ನಲ್ಲ. ಆ ಕೊಳವೆಯೊಳಗೆ ಕೌದಿಗಿಂತ 6–8 ಸೆಂಟಿಮೀಟರ್ ಉದ್ದನೆಯ ಬಿದಿರು ಕೋಲೋ ಕರ್ಟನ್ ರಾಡೋ ತೂರಿಸಿ, ಎರಡು ತುದಿಗಳನ್ನು ಎರಡು ಹುಕ್ಕಿಗೆ ಕೂರಿಸಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಪಶ್ಚಿಮದ ಕಿಟಕಿಯ ಬಿಸಿಲು ನೇರ ಬೀಳುವ ಗೋಡೆ ಬೇಡ. ನಮ್ಮ ಬೇಸಿಗೆಯ ಬಿಸಿಲಿಗೆ ಕೆಂಪು, ನೇರಳೆ ಬಣ್ಣಗಳು ಒಂದೇ ಬೇಸಿಗೆಯಲ್ಲಿ ಮಾಸುತ್ತವೆ. ವರ್ಷಕ್ಕೆರಡು ಸಲ ಇಳಿಸಿ, ಕೊಡವಿ, ನೆರಳಿನಲ್ಲಿ ಗಾಳಿಗೆ ಹರವಿದರೆ ಸಾಕು.

ಇಳಕಲ್ ಸೀರೆಗೂ ಇದೇ ಮಾತು. ಉಡಲಾಗದಷ್ಟು ಹಳೆಯದಾದ, ಆದರೆ ಸೆರಗು ಚೆನ್ನಾಗಿಯೇ ಉಳಿದಿರುವ ಸೀರೆಗಳು ಪ್ರತಿ ಮನೆಯಲ್ಲೂ ಒಂದೆರಡು ಇರುತ್ತವೆ. ಆರು ಗಜದ ಸೀರೆ ಅಂದರೆ ಸುಮಾರು ಐದೂವರೆ ಮೀಟರು. ಅಡ್ಡಕ್ಕೆ ಎರಡು ಭಾಗ ಮಾಡಿದರೆ 2.7 ಮೀಟರಿನ ಎರಡು ಪರದೆ. ಒಂದೊಂದರ ಅಗಲ 1.1 ಮೀಟರಿನ ಆಸುಪಾಸು, ಎರಡೂ ಸೇರಿ 2.2. ನಾಲ್ಕಡಿ ಕಿಟಕಿಗೆ ಇದು ಹೆಚ್ಚುಕಡಿಮೆ ಎರಡು ಪಟ್ಟು. ಪರದೆಗೆ ನೆರಿಗೆ ಚೆಂದ ಬೀಳಬೇಕಾದರೆ ಅಷ್ಟು ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿದಂತೆ ಕಾಣುತ್ತದೆ. ತೋಪು ತೆನಿ ವಿನ್ಯಾಸದ ಸೆರಗು ಒಂದೇ ಭಾಗಕ್ಕೆ ಬರುತ್ತದೆ, ಅದಕ್ಕಾಗಿ ಬೇಸರ ಬೇಡ. ಒಂದು ಕಡೆ ಸೆರಗು, ಇನ್ನೊಂದು ಕಡೆ ಬರೀ ಒಡಲು ಮತ್ತು ದಡಿ ಇರುವ ಪರದೆ, ಎರಡೂ ಒಂದೇ ಥರ ಇರುವ ಪರದೆಗಿಂತ ನನ್ನ ಕಣ್ಣಿಗೆ ಚೆಂದ. ಹಿಂದೆ ಬಿಳಿಯ ಕಾಟನ್ ಲೈನಿಂಗ್ ಕೊಡಲೇಬೇಕು. ಅದು ಬಿಸಿಲನ್ನು ಹೊರಗೆ ತಿರುಗಿಸುತ್ತದೆ, ಸೀರೆಯ ರೇಷ್ಮೆ ಎಳೆಗಳನ್ನೂ ಕಾಯುತ್ತದೆ. ಲೈನಿಂಗನ್ನು ಹೊಲಿಯುವ ಮುಂಚೆ ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸೀರೆ ಮುಂದೆ ಉಬ್ಬಿಕೊಳ್ಳುತ್ತದೆ.

ಕಿಟಕಿಯ ಗೂಡು ಆಳವಾಗಿದ್ದರೆ ಗೋಡೆಗೆ ಬ್ರಾಕೆಟ್ ಕೂಡ ಬೇಡ, ಎರಡು ಬದಿಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡು ಸಾಕು. ನಾಲ್ಕಡಿ ದಾಟಿದರೆ ಮಾತ್ರ ಅದು ನಡುವೆ ಬಾಗುತ್ತದೆ, ಲೈನಿಂಗ್ ಇರುವ ಭಾರದ ಪರದೆಯನ್ನು ತಡೆಯುವುದಿಲ್ಲ. ರಾಡಿನ ತುದಿಯ ರಬ್ಬರ್ ಡಿಸ್ಟೆಂಪರ್ ಮೇಲೆ ಜಾರುತ್ತದೆ. ಆ ಜಾಗವನ್ನು ಒಣಬಟ್ಟೆಯಿಂದ ಒರೆಸಿ ಪುಡಿ ತೆಗೆದ ಮೇಲೆ ಕೂರಿಸಿ.

ಗುಳೇದಗುಡ್ಡದ ಖಣವನ್ನು ದೊಡ್ಡ ಪರದೆ ಮಾಡಲು ಹೋಗಬೇಡಿ. ಕುಪ್ಪಸದ ಬಟ್ಟೆ ಅದು, ಅದರ ಸಣ್ಣ ಬುಟ್ಟಾ, ಹೊಳಪು, ಎದುರುಬದುರು ಬಣ್ಣ ಎಲ್ಲವೂ ಹತ್ತಿರದಿಂದ ನೋಡುವಂಥವು. ಅದಕ್ಕೆ ಸರಿಯಾದ ಜಾಗ ಅಂದರೆ ಆ ಸಿಮೆಂಟಿನ ಶೋಕೇಸು. ಎಲ್ಲರೂ ಬೈಯುವ ಆ ಶೋಕೇಸನ್ನು ಒಂದು ಸಂಜೆಯಲ್ಲಿ ಮನೆಯ ಅತಿ ಚೆಂದದ ಮೂಲೆ ಮಾಡಬಹುದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 5 ಮಿಲಿಮೀಟರ್ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ತನ್ನಿ. ಒಂದೊಂದು ಖಾನೆಯನ್ನೂ ಬೇರೆ ಬೇರೆಯಾಗಿ ಅಳೆಯಿರಿ, ಮೇಸ್ತ್ರಿಯ ಕೈಯಲ್ಲಿ ಎರಡು ಖಾನೆ ಒಂದೇ ಅಳತೆಗೆ ಬಂದಿರುವುದು ಅಪರೂಪ. ಅಗಲವನ್ನು ಮೇಲೊಮ್ಮೆ, ಕೆಳಗೊಮ್ಮೆ ಅಳೆದು ಚಿಕ್ಕದನ್ನು ಹಿಡಿಯಿರಿ. ಬೋರ್ಡನ್ನು ನಾಲ್ಕು ಬದಿಗೂ 2 ಮಿಲಿಮೀಟರ್ ಕಡಿಮೆ ಕತ್ತರಿಸಿ, ಬಟ್ಟೆ ಸುತ್ತಿದಾಗ ಆ ಸಂದು ತುಂಬಿಕೊಳ್ಳುತ್ತದೆ. ಖಣವನ್ನು ಇಸ್ತ್ರಿ ಮಾಡಿ, ಸುತ್ತ 3 ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು, ಹಿಂದಕ್ಕೆ ಮಡಚಿ ಫ್ಯಾಬ್ರಿಕ್ ಗ್ಲೂ ಹಚ್ಚಿ. ಅಂಟು ಹಿಂಬದಿಗೆ ಮಾತ್ರ ಇರಬೇಕು, ಮುಂಬದಿಗೆ ಹಚ್ಚಿದರೆ ನೆಯ್ಗೆಯೊಳಗಿಂದ ಕಲೆಯಾಗಿ ಮೂಡುತ್ತದೆ. ಮೊದಲು ಎದುರುಬದುರು ಬದಿಗಳನ್ನು ಅಂಟಿಸಿ, ಆಮೇಲೆ ಉಳಿದೆರಡು. ಒಂದು ಬದಿಯಿಂದ ಸುತ್ತುತ್ತಾ ಹೋದರೆ ಬುಟ್ಟಾ ಸಾಲು ಓರೆಯಾಗುತ್ತದೆ. ಒಣಗಿದ ಬೋರ್ಡನ್ನು ಖಾನೆಯ ಹಿಂಗೋಡೆಗೆ ಒತ್ತಿ ಕೂರಿಸಿ. ಮೊಳೆಯಿಲ್ಲ, ಗೋಡೆಗೆ ಅಂಟಿಲ್ಲ, ಬಿಡುವಾಗ ಬೆರಳಲ್ಲಿ ಎಳೆದರೆ ಬರುತ್ತದೆ.

ಆ ಖಣದ ಮುಂದೆ ಇಡಬೇಕಾದದ್ದು ಕಿನ್ನಾಳದ ಗೊಂಬೆ. ಕೊಪ್ಪಳದಿಂದ ಹತ್ತಿರವೇ ಇರುವ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಸರಿಯಿಂದ ಅಂಟು ಮಾಡಿ, ಬಿಳಿಯ ತಳಬಣ್ಣದ ಮೇಲೆ ಬಣ್ಣ ಕೊಡುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಗರುಡ, ಕಾಮಧೇನು, ಹಣ್ಣುತರಕಾರಿಗಳ ಜೋಡಿಕೆ, ಯಾವುದನ್ನು ತಂದರೂ ಒಂದು ಖಾನೆಗೆ ಒಂದೇ ಇಡಿ. ಖಾನೆಯ ಮೂರನೆಯ ಎರಡು ಭಾಗ ಖಾಲಿ ಇದ್ದರೇನೇ ಗೊಂಬೆಗೆ ಉಸಿರು. ಒದ್ದೆ ಬಟ್ಟೆಯಿಂದ ಒರೆಸಬಾರದು, ಮೆತ್ತನೆಯ ಒಣ ಬ್ರಷ್ ಸಾಕು. ಕೂಲರಿನ ಗಾಳಿ ನೇರ ಬಡಿಯುವ ಕಡೆಯೂ ಇಡಬಾರದು, ದಿನವಿಡೀ ಹಸಿಗಾಳಿ, ರಾತ್ರಿ ಒಣಗಾಳಿ ಸಿಕ್ಕರೆ ಮರ ಹಿಗ್ಗಿ ಕುಗ್ಗಿ ಬಣ್ಣ ಬಿರಿಯುತ್ತದೆ.

ಕಡಪ ಹಲಗೆಯ ಬಗ್ಗೆ ಒಂದು ಎಚ್ಚರಿಕೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಕಂಡ ಕೂಡಲೇ ನಿಂಬೆಹಣ್ಣು, ವಿನೆಗರ್, ಬಾತ್‌ರೂಮ್ ಆಸಿಡ್ ಹಾಕಿ ಉಜ್ಜುವ ರೂಢಿಯಿದೆ. ಕಡಪ ಮತ್ತು ಶಹಾಬಾದ್ ಎರಡೂ ಸುಣ್ಣದ ಕಲ್ಲುಗಳು. ಹುಳಿ ತಾಗಿದರೆ ಕಲ್ಲೇ ಕರಗಿ ಬೂದು ಮಚ್ಚೆ ನಿಲ್ಲುತ್ತದೆ, ಅದು ಮತ್ತೆ ಹೋಗದು, ಅಡ್ವಾನ್ಸಿನಲ್ಲಿ ಹಿಡಿಯುವುದಂತೂ ಖಂಡಿತ. ಸಾಬೂನು ನೀರು, ಒಣ ಒರೆತ, ಅಷ್ಟಕ್ಕೇ ನಿಲ್ಲಿಸಿ. ಅಡುಗೆಕಟ್ಟೆಯ ಗ್ರಾನೈಟ್ ಇಷ್ಟು ನಾಜೂಕಲ್ಲ.

ಈಗ ಗೋಡೆ. ಅಂಗೈಯಿಂದ ಗೋಡೆಯನ್ನು ಒಮ್ಮೆ ಸವರಿ. ಬಿಳಿಪುಡಿ ಅಂಟಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್, ಅಲ್ಲಿ ಯಾವ ಅಂಟಿಸುವ ಹುಕ್ಕೂ ನಿಲ್ಲದು. ಹುಕ್ಕು ಹಿಡಿದುಕೊಳ್ಳುವುದು ಪುಡಿಯ ಪದರವನ್ನು, ಪುಡಿಗೆ ಗೋಡೆಯ ಮೇಲೆ ಹಿಡಿತವಿಲ್ಲ. ಅಂಗೈಗೆ ಏನೂ ಅಂಟದಿದ್ದರೆ ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಡದಿದ್ದರೆ ಎಮಲ್ಷನ್. ಅಲ್ಲಿ ಎಳೆದು ತೆಗೆಯುವ ಬಾಲವಿರುವ ಅಂಟುಪಟ್ಟಿ ಬಳಸಬಹುದು, ಆದರೆ ಕ್ರಮ ತಪ್ಪಬಾರದು: ಸ್ಪಿರಿಟ್‌ನಿಂದ ಒರೆಸಿ ಒಣಗಿಸುವುದು, 30 ಸೆಕೆಂಡು ಗಟ್ಟಿಯಾಗಿ ಒತ್ತುವುದು, ಒಂದು ಗಂಟೆ ಬಿಟ್ಟು ತೂಗುಹಾಕುವುದು. ಬಿಸಿಲಿಗೆ ಕಾದ ಪಶ್ಚಿಮ ಗೋಡೆಯ ಮೇಲೆ ಅಂಟು ಮೆತ್ತಗಾಗುತ್ತದೆ, ಪ್ಯಾಕೆಟ್ಟಿನ ಮೇಲೆ ಬರೆದ ಭಾರದ ಅರ್ಧವನ್ನಷ್ಟೇ ನಂಬಿ. ತೆಗೆಯುವಾಗ ಪಟ್ಟಿಯ ಬಾಲವನ್ನು ಗೋಡೆಗೆ ಸಮಾನಾಂತರವಾಗಿ ನಿಧಾನಕ್ಕೆ ಕೆಳಗೆ ಎಳೆಯಬೇಕು. ನಮ್ಮ ಕಡೆಗೆ ಎಳೆದರೆ ಬಣ್ಣವೂ ಬರುತ್ತದೆ. ಒಮ್ಮೆ ಬಣ್ಣ ಕಿತ್ತುಬಂದರೆ ಆ ಚುಕ್ಕೆಗಷ್ಟೇ ಬಣ್ಣ ಹಚ್ಚಿ ಮುಚ್ಚಲಾಗದು. ಹಳೆಯ ಬಣ್ಣ ಮಾಸಿರುವುದರಿಂದ ಹೊಸದು ಎದ್ದು ಕಾಣುತ್ತದೆ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಬಳಿಯಬೇಕಾಗುತ್ತದೆ.

ಡಿಸ್ಟೆಂಪರ್ ಗೋಡೆಗೆ ಉಳಿಯುವ ಮರ್ಯಾದೆಯ ದಾರಿ ಎರಡು ತೂತು, ಒಂದು ಕೋಲು. ಮೊದಲು ಹಿಂದಿನವರು ಬಿಟ್ಟುಹೋದ ಮೊಳೆಗಳನ್ನು ಹುಡುಕಿ, ಅವೇ ಸಾಕಾಗಬಹುದು. ಇಲ್ಲದಿದ್ದರೆ ಮಾಲೀಕರಿಗೆ ವಾಟ್ಸಾಪಿನಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ, ಬಾಯಿಮಾತು ಹನ್ನೊಂದು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಸ್ವಿಚ್‌ಬೋರ್ಡಿನ ನೇರ ಮೇಲೆ ಮತ್ತು ನೇರ ಕೆಳಗೆ ಕೊರೆಯಬಾರದು, ವೈರಿನ ಪೈಪು ಅಲ್ಲೇ ಹಾದಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಸಡಿಲಿದೆ, ಜಾಗ ಬದಲಿಸಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, 6 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಮೊದಲು ಹ್ಯಾಮರ್ ಮೋಡ್ ಇಲ್ಲದೆ ಶುರು ಮಾಡಿ, ಪ್ಲಾಸ್ಟರ್ ದಾಟಿದ ಮೇಲೆ ಹ್ಯಾಮರ್ ಹಾಕಿ. ಆಳ 40–45 ಮಿಲಿಮೀಟರ್. ಪ್ಲಾಸ್ಟರೇ 12 ಮಿಲಿಮೀಟರ್ ಅಥವಾ ಹೆಚ್ಚು ಇರುವುದರಿಂದ ಅದಕ್ಕಿಂತ ಕಡಿಮೆ ಕೊರೆದರೆ ಗಿಟಕ್ (ಸ್ಕ್ರೂ ಕೂರಿಸಲು ತೂತಿಗೆ ಹಾಕುವ ಪ್ಲಗ್) ಇಟ್ಟಿಗೆಯನ್ನು ಹಿಡಿಯದೆ ಪ್ಲಾಸ್ಟರಿನಲ್ಲೇ ತಿರುಗುತ್ತದೆ. ಡ್ರಿಲ್ ಬಿಟ್ ಒಮ್ಮೆಲೇ ಮುಂದೆ ಹೋಗದೆ ಬರೀ ಬಿಳಿಹುಡಿ ಬರುತ್ತಿದ್ದರೆ ಅದು ಕಾಂಕ್ರೀಟ್ ಕಂಬ, ಪಕ್ಕಕ್ಕೆ ಸರಿಯಿರಿ.

ಆ ಎರಡು ಹುಕ್ಕಿಗೆ ನಾಲ್ಕಡಿಯ ಮರದ ಕೋಲು ಕಟ್ಟಿ, ಕೋಲಿನಿಂದ ಗಟ್ಟಿ ದಾರದಲ್ಲಿ ಫೋಟೊ, ಲಂಬಾಣಿ ಕಸೂತಿಯ ತುಂಡು, ಪುಟ್ಟ ಕನ್ನಡಿ, ಬೇಕಾದ್ದನ್ನು ಇಳಿಬಿಡಿ. ಒಟ್ಟು ಭಾರ 8–10 ಕೆಜಿ ದಾಟದಿದ್ದರೆ ಇಟ್ಟಿಗೆ ಗೋಡೆಗೆ ಚಿಂತೆಯಿಲ್ಲ. ತಿಂಗಳಿಗೊಮ್ಮೆ ಜೋಡಣೆ ಬದಲಿಸಿದರೂ ಹೊಸ ತೂತು ಬೀಳುವುದಿಲ್ಲ. ಎತ್ತರದ ಬಗ್ಗೆ ಪುಸ್ತಕಗಳು ಚಿತ್ರದ ನಡುಭಾಗ ನೆಲದಿಂದ 145–150 ಸೆಂಟಿಮೀಟರ್ ಇರಲಿ ಎನ್ನುತ್ತವೆ. ಅದು ನಿಂತು ನೋಡುವವರ, ಸೋಫಾದ ಮನೆಯ ಅಳತೆ. ನೆಲದ ಮೇಲೆ ಜಮಖಾನ ಹಾಸಿ ಕೂರುವ ಮನೆಯಲ್ಲಿ 110–120ಕ್ಕೆ ಇಳಿಸಿದರೆ ಕೂತವರ ಕಣ್ಣಿಗೆ ಸರಿಯಾಗುತ್ತದೆ.

ಕೂರುವುದೆಂದಾಗ ಬಳ್ಳಾರಿ ಜೀನ್ಸ್ ನೆನಪಾಗಬೇಕು. ಡೆನಿಮ್ ತುಂಡುಗಳು ಇಲ್ಲಿ ಸುಲಭಕ್ಕೆ ಸಿಗುತ್ತವೆ, ಧೂಳು ಕಾಣಿಸದ ಬಣ್ಣ, ಸವೆಯದ ನೆಯ್ಗೆ. 60×60 ಸೆಂಟಿಮೀಟರ್, 10 ಸೆಂಟಿಮೀಟರ್ ದಪ್ಪದ ನೆಲದ ದಿಂಬಿಗೆ ಸುಮಾರು 3 ಕೆಜಿ ಅರಳೆ ಬೇಕು. ಪಿಂಜಾರರ ಹತ್ತಿರ ಹಿಂಜಿಸಿದ ಹೊಸ ಅರಳೆಯನ್ನೇ ತುಂಬಿಸಿ, ಹಳೆಯದು ಬೇಗ ಗಂಟು ಕಟ್ಟುತ್ತದೆ. ನಡುವೆ ಐದು ಕಡೆ ದಪ್ಪ ದಾರದಿಂದ ಎಳೆದು ಕಟ್ಟಿದರೆ ಅರಳೆ ಮೂಲೆಗೆ ಸರಿಯುವುದಿಲ್ಲ. ಡೆನಿಮನ್ನು ಹೊಲಿಯುವ ಮುಂಚೆ ಎರಡು ಸಲ ಒಗೆಯಿರಿ. ಹೊಸ ನೀಲಿ ಬಿಳಿ ಪಂಚೆಗೆ ಅಂಟಿದರೆ ಬಿಡುವುದು ಕಷ್ಟ. ಕೆಳಗೆ ನವಲಗುಂದದ ಜಮಖಾನ ಹಾಸುವುದಾದರೆ ಅದರಡಿ ರಬ್ಬರ್ ಜಾಲರಿ ಇರಲಿ, ನುಣುಪು ಟೈಲ್ಸಿನ ಮೇಲೆ ಹತ್ತಿಯ ಹಾಸು ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ತಪ್ಪಿಸಬೇಡಿ.

ಟೀಪಾಯಿಗೆ ಕುಷ್ಟಗಿ–ಇಳಕಲ್ ಕಡೆಯ ಕೆಂಪು ಗ್ರಾನೈಟಿನ ಉಳಿಕೆ ತುಂಡು ಒಳ್ಳೆಯದು. 45×60 ಸೆಂಟಿಮೀಟರ್, 18 ಮಿಲಿಮೀಟರ್ ದಪ್ಪದ ತುಂಡು 13 ಕೆಜಿ ಆಸುಪಾಸು ತೂಗುತ್ತದೆ, ಒಬ್ಬರೇ ಎತ್ತಬಹುದು. ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿ ತನ್ನಿ.

ಬೆಳಕಿನದು ಚಿಕ್ಕ ಕೆಲಸ, ಫಲ ದೊಡ್ಡದು. ಮನೆಯಲ್ಲಿರುವ ಬೆಳ್ಳನೆಯ ದೀಪ ಸಾಮಾನ್ಯವಾಗಿ 6500 ಕೆಲ್ವಿನ್. ಅದರಡಿ ಖಣದ ಕೆಂಪು, ಮರೂನು ಎರಡೂ ಸತ್ತಂತೆ ಕಾಣುತ್ತವೆ. ಓದುವ, ಅಡುಗೆಯ ಜಾಗ ಬಿಟ್ಟು ಉಳಿದ ಕಡೆ ಹಳದಿ ಛಾಯೆಯ 2700–3000 ಕೆಲ್ವಿನ್ನಿನ 9 ವ್ಯಾಟ್ ಬಲ್ಬು ಹಾಕಿ, ಪ್ಯಾಕೆಟ್ಟಿನ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90 ಇದ್ದರೆ ಅದನ್ನೇ ಆರಿಸಿ. ಕೌದಿ ತೂಗಿದ ಗೋಡೆಯ ಬುಡದಲ್ಲಿ ನೆಲಕ್ಕೊಂದು ದೀಪವಿಟ್ಟು ಮೇಲ್ಮುಖ ಬೆಳಕು ಬಿಡಿ. ಓಡುಹೊಲಿಗೆಯ ಸಣ್ಣ ಏರಿಳಿತಗಳಿಗೆ ನೆರಳು ಬಿದ್ದು, ಅದನ್ನು ಹೊಲಿದ ಕೈಗಳ ಕೆಲಸ ಸಾಲುಸಾಲಾಗಿ ಕಾಣುತ್ತದೆ. ಕಾಗದದ ಲಾಂದ್ರ ಬೇಡ, ಕೂಲರಿನ ತೇವಕ್ಕೆ ಜೋಲು ಬೀಳುತ್ತದೆ. ಮಾಲೀಕರ ಹಳೆಯ ಬಲ್ಬುಗಳನ್ನು ಹೆಸರು ಬರೆದ ಡಬ್ಬಿಯಲ್ಲಿ ಅಟ್ಟದ ಮೇಲಿಡಿ.

ಕೂಲರನ್ನು ಮರೆತು ಮಾಡಿದ ಅಲಂಕಾರ ಮಾರ್ಚ್‌ವರೆಗೆ ಮಾತ್ರ. ಮಾರ್ಚಿನಿಂದ ಜೂನಿನವರೆಗೆ ಒಂದು ಕಿಟಕಿ ಕೂಲರಿನದೇ. ಅದು ತಂಪು ಕೊಡಬೇಕಾದರೆ ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಬೇಕು, ಹಸಿಗಾಳಿ ಹೊರಹೋಗದಿದ್ದರೆ ಕೋಣೆ ಬರೀ ಜಿಗುಟಾಗುತ್ತದೆ. ಹಾಗಾಗಿ ಈ ಎರಡು ಕಿಂಡಿಗಳ ನಡುವಿನ ದಾರಿಯಲ್ಲಿ ಎತ್ತರದ ಶೆಲ್ಫಾಗಲಿ ನೆಲ ಮುಟ್ಟುವ ಪರದೆಯಾಗಲಿ ಬರದಂತೆ ಮೊದಲೇ ಜೋಡಿಸಿಕೊಳ್ಳಿ. ಕೂಲರ್ ಕಿಟಕಿಗೆ ಮೊಳಕಾಲುದ್ದದ ಪರದೆ ಸಾಕು.

ಧೂಳಿನ ಮಾತು ಬಿಡಲಾಗದು. ಅದಿರು ಲಾರಿಗಳ ದಾರಿಯಲ್ಲಿರುವ ಬಳ್ಳಾರಿ, ಸಂಡೂರು ಕಡೆ ಕೆಂಪು ಧೂಳು, ರಾಯಚೂರಿನ ಎರೆನೆಲದಿಂದ ಬರುವುದು ಕಪ್ಪು. ಬಿಳಿ ಸೋಫಾ, ತಿಳಿಬಣ್ಣದ ಉದ್ದ ಕೂದಲಿನ ಕಾರ್ಪೆಟ್ಟು ಇಲ್ಲಿಗೆ ಹೇಳಿಮಾಡಿಸಿದ್ದಲ್ಲ. ಲಂಬಾಣಿ ಕಸೂತಿಯ ಕನ್ನಡಿಗಳ ಅಂಚಿನಲ್ಲಿ ಧೂಳು ಕೂರುತ್ತದೆ, ವ್ಯಾಕ್ಯೂಮಿನ ಬಾಯಿಗೆ ತೆಳು ಬಟ್ಟೆ ಕಟ್ಟಿ ಹೀರಿಸಿ, ಇಲ್ಲವೇ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಒಗೆಯಲೇಬೇಕಾದರೆ ಮೂಲೆಯೊಂದನ್ನು ಒದ್ದೆ ಬಿಳಿಬಟ್ಟೆಯಿಂದ ಒತ್ತಿ ನೋಡಿ, ಬಣ್ಣ ಅಂಟಿದರೆ ನೀರಿಗೆ ಹಾಕಬೇಡಿ.

ದೇವರ ಜಾಗದಲ್ಲಿ ಬಾಡಿಗೆದಾರರು ಕಳೆದುಕೊಳ್ಳುವಷ್ಟು ಅಡ್ವಾನ್ಸ್ ಬೇರೆಲ್ಲೂ ಕಳೆದುಕೊಳ್ಳುವುದಿಲ್ಲ. ಎಣ್ಣೆ, ಕುಂಕುಮ, ಮಸಿ ಮೂರೂ ಡಿಸ್ಟೆಂಪರಿನೊಳಗೆ ಇಳಿಯುತ್ತವೆ, ಮೇಲೆ ಬಣ್ಣ ಬಳಿದರೂ ಎಣ್ಣೆಯ ಕಲೆ ಮತ್ತೆ ಮೂಡುತ್ತದೆ. ದೀಪದ ಹಿಂದೆ 30×60 ಸೆಂಟಿಮೀಟರಿನ ಒಂದು ಹೊಳಪು ಟೈಲನ್ನು ಒರಗಿಸಿಡಿ, ದೀಪ ಅದರಿಂದ 15 ಸೆಂಟಿಮೀಟರ್ ಮುಂದಿರಲಿ, ಬತ್ತಿಯ ತುದಿ ಚಿಕ್ಕದಿರಲಿ. ಉದ್ದ ಬತ್ತಿಗೇ ಮಸಿ ಹೆಚ್ಚು. ಬಟ್ಟೆಯ ತೋರಣ ಜ್ವಾಲೆಯ ನೇರ ಮೇಲೆ ಬರಲೇಬಾರದು. ರೊಟ್ಟಿ ಸುಡುವ ಒಲೆಯ ಹಿಂದೆ ಕೂಡ ಅಂಟಿಸುವ ಟೈಲ್‌ಸ್ಟಿಕ್ಕರ್ ಬೇಡ, ಹೆಂಚಿನ ಕಾವಿಗೆ ಅಂಟು ಇಳಿಯುತ್ತದೆ. ತೆಳುವಾದ ಸ್ಟೀಲ್ ಹಾಳೆಯೊಂದನ್ನು ಒರಗಿಸಿ, ವಾರಕ್ಕೊಮ್ಮೆ ತೊಳೆಯಿರಿ.

ಮನೆ ಬಿಡುವಾಗ ಗಿಟಕ್ಕಿಗೆ ಸ್ಕ್ರೂವನ್ನು ಅರ್ಧ ತಿರುಗಿಸಿ ಇಕ್ಕಳದಿಂದ ಎಳೆಯಿರಿ. ತೂತಿಗೆ ಅಕ್ರಿಲಿಕ್ ಪುಟ್ಟಿ ಎರಡು ಸಲ ತುಂಬಬೇಕು, ಮೊದಲನೆಯದು ಒಣಗಿ ಕುಗ್ಗುತ್ತದೆ. ಮಾರನೆಯ ದಿನ 220 ನಂಬರಿನ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ. ಗೊಂಬೆಗಳನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ನ್ಯೂಸ್‌ಪೇಪರಿನ ಮಸಿ ಬಣ್ಣಕ್ಕೆ ಹತ್ತುತ್ತದೆ. ಪರದೆಗಳನ್ನು ಮೊದಲ ಸಲ ಹೊಲಿಸುವಾಗಲೇ ಕೆಳಗೆ 15–20 ಸೆಂಟಿಮೀಟರ್ ಮಡಿಕೆ ಬಿಡಿಸಿಕೊಂಡಿದ್ದರೆ, ಮುಂದಿನ ಮನೆಯ ಕಿಟಕಿ ಅರ್ಧ ಅಡಿ ಉದ್ದವಿದ್ದರೂ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಬಹುದು.